ಮುಕ್ಕಾಲು ಇಂಚು ಹಿಗ್ಗಿದ ಸರಪಳಿ

ಧಾರವಾಡದ ಒಂದು ಕಮ್ಮಾರಸಾಲೆಯಲ್ಲಿ, ಕುಲುಮೆಯ ಕೆಂಪು ಆರುವ ಮೊದಲೇ, ನನ್ನ ಉದ್ದ ನನಗೆ ತಿಳಿಯಿತು: ಮೂವತ್ತಮೂರು ಅಡಿ. ನೆಲ ಅಳೆಯುವ ಕಬ್ಬಿಣದ ಸರಪಳಿ ನಾನು. ನನ್ನಷ್ಟುದ್ದ, ಅಷ್ಟೇ ಅಗಲದ ನೆಲವನ್ನೇ ನೀವು ಗುಂಟೆ ಎನ್ನುತ್ತೀರಿ. ನನ್ನನ್ನು ಹೆಣೆದ ಮಾನಪ್ಪ ಬಡಿಗೇರ, ಕೊನೆಯ ಕೊಂಡಿ ಬೆಸೆದು, ಸರ್ವೆಯರ್ ಶೇಷಗಿರಿರಾಯರ ಕೈಗಿಡುತ್ತ ಹೇಳಿದ ಮಾತು ಇಂದಿಗೂ ನನ್ನೊಳಗೆ ಕಿಣಿಗುಡುತ್ತದೆ.

"ರಾಯರ, ಕಬ್ಬಿಣ ಆದ್ರೂ ಜಗ್ಗಿದಷ್ಟು ಹಿಗ್ಗತೈತ್ರಿ. ವರ್ಷಕ್ಕೊಮ್ಮೆ ಎಷ್ಟು ಹಿಗ್ಗೈತಿ ನೋಡ್ಕೋರಿ. ತನ್ನ ತಪ್ಪು ಗೊತ್ತಿದ್ದ ಸರಪಳಿ ಮೋಸ ಮಾಡಂಗಿಲ್ಲ."

ಪೂರ್ವ ಆಫ್ರಿಕದಲ್ಲಿ ರೈಲುಹಳಿ ಹಾಸುತ್ತಿದ್ದ ಕಾಲ ಅದು. ರಾಯರು ನನ್ನನ್ನು ಹೆಗಲಿಗೇರಿಸಿಕೊಂಡು ಹಡಗು ಹತ್ತಿದರು. ಹಳಿ ಮಹಾಸರೋವರವನ್ನು ಮುಟ್ಟಿತು; ರಾಯರು ಊರಿಗೆ ಮರಳಲಿಲ್ಲ, ನಾನೂ ಮರಳಲಿಲ್ಲ. ದಂಡೆಯ ಮೇಲಿನ ಒಂದು ಪಟ್ಟಣದ ನಗರಸಭೆಯ ಗೋಡೆಯಲ್ಲಿ ನನಗೊಂದು ಮೊಳೆ ದೊರೆಯಿತು. ಹೊರಗೆ ಬಾವುಟ ಬದಲಾಯಿತು, ಒಳಗೆ ಕುರ್ಚಿಗಳು ಬದಲಾದವು. ನನ್ನ ಉದ್ದವನ್ನು ಬದಲಿಸಲು ಯಾವ ಸರಕಾರವೂ ಆಜ್ಞೆ ಹೊರಡಿಸಲಿಲ್ಲ.

ಕೈಯಿಂದ ಕೈಗೆ ಸಾಗಿ ಕೊನೆಗೆ ನಾನು ಸೆರುಂಜೋಗಿಯ ಪಾಲಿಗೆ ಬಂದೆ. ಸರಪಳಿ ಎಳೆಯುವುದೇ ಅವನ ಉದ್ಯೋಗ. ಆ ನಾಡಿನಲ್ಲಿ ನೆರೆಯವರಿಲ್ಲದೆ ಗಡಿ ನಿಲ್ಲುವುದಿಲ್ಲ. ಹೊಲಮನೆಯ ನಾಲ್ಕು ಮೂಲೆಗೆ ನೀಳ ಎಲೆಯ ಗಡಿಗಿಡ ನೆಡುತ್ತಾರೆ. ಅಳೆಯುವ ದಿನ ಪ್ರತಿ ಗಿಡದ ಬಳಿ ಒಬ್ಬೊಬ್ಬ ನೆರೆಯವನು ನಿಂತು, "ಇಲ್ಲಿ" ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತಾದ ಮೇಲೆಯೇ ನಾನು ಚಾಚಿಕೊಳ್ಳುತ್ತಿದ್ದೆ. ವರ್ಷಕ್ಕೊಮ್ಮೆ ಸೆರುಂಜೋಗಿ ನಗರಸಭೆಯ ಅಂಗಳದಲ್ಲಿ ಸರಿಯಾಗಿ ಮೂವತ್ತಮೂರು ಅಡಿ ಅಂತರಕ್ಕೆ ನೆಟ್ಟ ಎರಡು ಕಲ್ಲುಗಳ ನಡುವೆ ನನ್ನನ್ನು ಮಲಗಿಸಿ, ನಾನೆಷ್ಟು ಹಿಗ್ಗಿದ್ದೇನೆಂದು ನೋಡುತ್ತಿದ್ದ. ಮಾನಪ್ಪನ ಮಾತನ್ನು ಅವನಿಗೆ ಯಾರು ತಲುಪಿಸಿದರೋ!

ಅವನು ನಿವೃತ್ತನಾದ. ನಗರಸಭೆಗೆ ಹಾರುವ ಕ್ಯಾಮೆರಾ ಬಂತು. ಒಂದೇ ಬೆಳಗಿನಲ್ಲಿ ಅದು ಇಡೀ ಪಟ್ಟಣದ ಚಿತ್ರ ತೆಗೆಯಿತು. ಕಂಡ ಚಾವಣಿಗೊಂದು ಸಂಖ್ಯೆ, ಸಂಖ್ಯೆಯಿದ್ದ ಮನೆಗೆ ನಲ್ಲಿನೀರು. ಕಡತ ಬಚ್ಚಿಟ್ಟು ಜನರನ್ನು ಅಲೆಸುತ್ತಿದ್ದ ಮೇಜುಗಳು ಬರಿದಾದವು. ಅದು ಒಳಿತೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನನ್ನು ಒಂದು ಗೋಣಿಚೀಲಕ್ಕೆ ತುಂಬಿ, ಅರ್ಜಿ ಕೊಡುವ ಕಿಟಕಿಯ ಮೂಲೆಗೆ ತಳ್ಳಿದರು. ಚೀಲದ ಮೇಲೆ ಬರೆದದ್ದು: ಗುಜರಿ.

ಆ ಚೀಲದ ತೂತಿನಿಂದಲೇ ನಾನು ನಾಲೊಂಗೊಳನ್ನು ಕಂಡದ್ದು. ಅವಳಿಗಳನ್ನು ಹೆತ್ತ ತಾಯಿಯನ್ನು ಅಲ್ಲಿ ಹೆಸರು ಹಿಡಿದು ಕರೆಯರು. ನಾಲೊಂಗೊ ಎಂಬುದು ಆಕೆಗೆ ಸಲ್ಲುವ ಗೌರವ. ಇವಳು ಬಟ್ಟೆ ಹೊಲಿದು ಬದುಕುವ ವಿಧವೆ.

"ಪರದೆ ಮೇಲೆ ನಿಮ್ಮ ಜಾಗ ಹಸಿರಾಗಿದೆ, ನಾಲೊಂಗೊ," ಎಂದಳು ಗುಮಾಸ್ತೆ ನಕ್ಕಾಜಿ. "ಹಸಿರು ಅಂದ್ರೆ ಖಾಲಿ ಜಾಗ. ಸೋಮವಾರದಿಂದ ಅಲ್ಲಿ ವ್ಯಾನ್ ನಿಲ್ದಾಣ."

"ಖಾಲಿನಾ? ಮತ್ತೆ ನಲವತ್ತು ವರ್ಷ ನಾನು ಯಾರ ಒಲೆ ಮುಂದೆ ಕೂತಿದ್ದೆ, ಮಂಗನ ಒಲೆನಾ?"

ಸಾಲಿನಲ್ಲಿದ್ದವರು ನಕ್ಕರು. ನಕ್ಕಾಜಿ ನಗಲಿಲ್ಲ, ದನಿ ತಗ್ಗಿಸಿದಳು. "ಹಲಸಿನ ಮರ ನಿಮ್ಮ ಚಾವಣಿ ಮುಚ್ಚಿದೆ. ಕಡಿಸಿಬಿಡಿ. ಶನಿವಾರ ಮತ್ತೆ ಕ್ಯಾಮೆರಾ ಹಾರುತ್ತೆ."

"ನೋಡೋರಿಗೆ ಕಣ್ಣು ಕಾಣದಿದ್ರೆ ಮರ ಯಾಕಮ್ಮ ಸಾಯಬೇಕು? ನನ್ನ ಮಕ್ಕಳು ಅದರ ನೆರಳಲ್ಲೇ ಅಂಬೆಗಾಲಿಟ್ಟಿದ್ದು. ಕಡಿಯಲ್ಲ. ನೀನೇ ಕೆಳಗಿಳಿದು ಬಂದು ನೋಡು."

ನಕ್ಕಾಜಿ ಒಪ್ಪಿದಳು. ಸಾಲಿನ ಕೊನೆಯಲ್ಲಿ ನೀರಿನ ಅರ್ಜಿ ಹಿಡಿದು ನಿಂತಿದ್ದ ಸೆರುಂಜೋಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಗೋಣಿಚೀಲದ ಬಾಯಿ ಬಿಚ್ಚಿದ. ಯಾರನ್ನೂ ಕೇಳದೆ ನನ್ನನ್ನು ಅಂಗಳಕ್ಕೊಯ್ದು, ಎರಡು ಕಲ್ಲುಗಳ ನಡುವೆ ಮಲಗಿಸಿದ. ಬಳಿಕ ಹೆಗಲಿಗೇರಿಸಿಕೊಂಡು ಅವರ ಹಿಂದೆ ನಡೆದ.

ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ನಕ್ಕಾಜಿಯ ಕೈಯಂತ್ರಕ್ಕೆ ಮರದಡಿಯಲ್ಲಿ ಆಕಾಶ ಸಿಗಲಿಲ್ಲ. ಅದರ ನೀಲಿ ಚುಕ್ಕೆ ನೆರೆಯವನ ಹಂದಿಗೂಡಿಗೆ ಜಿಗಿಯಿತು; ಅಲ್ಲಿಂದ ಸರೋವರದ ನಡುವಿಗೆ.

"ಮೀನು ಹಿಡಿಯೋಕೆ ಹೋಯ್ತಾ?" ಎಂದಳು ನಾಲೊಂಗೊ.

ಸೆರುಂಜೋಗಿ ನನ್ನನ್ನು ನೆಲದ ಮೇಲೆ ಝಲ್ಲೆಂದು ಸುರಿದ. "ಮಗಳೇ, ಇದು ಮೂವತ್ತಮೂರು ಅಡಿಗೆ ಮುಕ್ಕಾಲು ಇಂಚು ಸುಳ್ಳು ಹೇಳುತ್ತೆ. ಈಗಷ್ಟೇ ನೋಡಿ ಬಂದೆ. ನಿನ್ನದು ಎಷ್ಟು ಹೇಳುತ್ತೆ, ಅದಕ್ಕೇ ಗೊತ್ತಾ?"

ನಕ್ಕಾಜಿ ಯೋಚಿಸಿದಳು. "ಬಯಲಲ್ಲಿ ಸರಿ ಹೇಳುತ್ತೆ, ಜಾಜಾ," ಎಂದಳು. ಅಲ್ಲಿ ಅಜ್ಜನನ್ನು ಕರೆಯುವುದೇ ಹಾಗೆ. "ರಸ್ತೆ ಮೇಲಿನ ಎರಡು ಗುರುತು ಇದು ಕೊಡಲಿ. ಅಲ್ಲಿಂದ ಮರದ ಕೆಳಗೆ ನಿಮ್ಮ ಸರಪಳಿ ಬರಲಿ."

ನೆರೆಯವರು ಗಡಿಗಿಡಗಳ ಬಳಿ ನಿಂತರು. ಒಂದು "ಇಲ್ಲಿ", ಎರಡು "ಇಲ್ಲಿ", ಮೂರು. ನಾಲ್ಕನೆಯ ಮೂಲೆಯಲ್ಲಿ ನಿಂತವನು ಹಂದಿಗೂಡಿನ ಒಡೆಯ, ನಾಲೊಂಗೊಳ ಹಗೆ. ಎರಡು ಹೆಜ್ಜೆ ಒಳಗೆ ತೋರಿಸಿದ್ದರೆ ಅವಳ ಅಡುಗೆಮನೆಯೇ ಅವನದಾಗುತ್ತಿತ್ತು. ಎಲ್ಲರೂ ಅವನ ಪಾದವನ್ನೇ ನೋಡಿದರು.

"ಇವಳ ಜೊತೆ ಮಾತು ಬಿಟ್ಟು ಹತ್ತು ವರ್ಷ ಆಯ್ತು," ಎಂದು ಅವನು ಗೊಣಗಿದ. "ಗಡಿ ಬಿಟ್ಟಿಲ್ಲ. ಇಲ್ಲಿ!" ಗಿಡದ ಬುಡಕ್ಕೇ ಕಾಲೂರಿದ.

ನಾನು ಬಿಗಿದುಕೊಂಡೆ. ಅಷ್ಟು ನೆಟ್ಟಗೆ ನಾನೆಂದೂ ನಿಂತಿರಲಿಲ್ಲ.

ಅಳತೆಯ ಸಾಧನ ಯಾವುದೆಂದು ಪರದೆ ಕೇಳಿತು. ಅದರ ಪಟ್ಟಿಯಲ್ಲಿ ನಾನಿರಲಿಲ್ಲ. ನಕ್ಕಾಜಿ 'ಇತರೆ' ಎಂಬಲ್ಲಿ ಬೆರಳಿಟ್ಟು ಅಕ್ಷರಕ್ಷರವಾಗಿ ಬರೆದಳು: ಕಬ್ಬಿಣದ ಸರಪಳಿ, ನಾಲ್ವರು ನೆರೆಯವರು.

ಸೋಮವಾರ ಕೆಡವುವ ಯಂತ್ರ ಬಂದಾಗ ನಾಲೊಂಗೊ ಬಾಗಿಲಿಗೆ ಅಡ್ಡವಾಗಿ ಹೊಲಿಗೆಯಂತ್ರ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದಳು. ಚಾಲಕ ತನ್ನ ಪರದೆ ನೋಡಿದ. ಹಸಿರಿನ ನಡುವೆ ಒಂದು ಪುಟ್ಟ ಚೌಕ, ಅದರೊಳಗೊಂದು ಸಂಖ್ಯೆ. ಅವನು ಹಲಸಿನ ಮರವನ್ನೊಮ್ಮೆ ನೋಡಿ, ಯಂತ್ರವನ್ನು ಹಿಂದಕ್ಕೆ ತಿರುಗಿಸಿದ. ಅವಳು ತಲೆಯೆತ್ತಲಿಲ್ಲ.

ಆಮೇಲೆ ನಗರಸಭೆಯವರು ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ, ಹಳೆಯ ಕಾಲದ ನೆನಪೆಂದು ಚೀಟಿ ಅಂಟಿಸಲು ಬಯಸಿದರು. ಸೆರುಂಜೋಗಿ ನನ್ನನ್ನು ಮರಳಿಸಲಿಲ್ಲ. ಈಗ ನಾನು ನಾಲೊಂಗೊಳ ಜಗಲಿಯ ಗೂಟದಲ್ಲಿದ್ದೇನೆ. ಕೊಂಡಿಗಳು ತೆಳುವಾಗಿವೆ, ಮಳೆಗಾಲದಲ್ಲಿ ತುಕ್ಕು ಉದುರುತ್ತದೆ. ಉದುರಲಿ. ಪರದೆಯ ಹಸಿರಿನೊಳಗಿಂದ ಒಲೆಯ ಹೊಗೆ ಏಳುವ ಮನೆಗಳು ಇನ್ನೂ ಇವೆ.

ಮರವನ್ನು ಕಡಿಯಬೇಡಿ. ನೆರೆಯವರನ್ನು ಕರೆಯಿರಿ, ನನ್ನನ್ನು ಎಳೆಯಿರಿ. ಒಂದೊಂದು ಎಳೆತಕ್ಕೂ ಮುಕ್ಕಾಲು ಇಂಚು ಸೇರಿಸಿ ಬರೆದುಕೊಳ್ಳಿ.