ತೊಳೆದ ಕಿಟಕಿಕಟ್ಟೆ, ಬಿಸಿಲಿನ ಕಂಬಿ

ಸಮಸ್ತ ಓದುಗರ ಗಮನಕ್ಕೆ: ದುಬೈನ ಅಲ್ ಮುರಕ್ಕಬಾತಿನ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ, ಒಂದು ಅಡುಗೆಮನೆಯ ಕಿಟಕಿಕಟ್ಟೆಯನ್ನು ಸೋಪು ಹಾಕಿ ಉಜ್ಜಿ ತೊಳೆಯಲಾಯಿತು. ದಯವಿಟ್ಟು ಎದ್ದು ನಿಲ್ಲಿ.

(ಹೀಗೆ ಶುರು ಮಾಡಬಹುದೇ? ಮೊದಲ ಕರಡು ಸೂರ್ಯನಿಂದ ಶುರುವಾಗಿತ್ತು. ಸೂರ್ಯನಿಂದ ಶುರುವಾಗುವ ಗಲ್ಫ್ ಕಥೆಗಳು ಸಾಕಷ್ಟಿವೆ, ಹರಿದುಹಾಕಿದೆ. ಆದರೆ ಈ ಅಪರಾಧದಲ್ಲಿ ಅವನಿಗೂ ಪಾಲಿದೆ, ಮತ್ತೆ ಬರುತ್ತಾನೆ.)

೧. ತೊಳೆದವಳು ಮೈಮೂನ, ಉಳ್ಳಾಲದವಳು. ಅವಳ ಅಡುಗೆಮನೆಗೆ ಒಂದೇ ಕಿಟಕಿ. ಅದು ತೆರೆಯುವುದು ಕಟ್ಟಡದ ನಡುವಿನ, ಬಿಸಿಲು ಕಾಣದ ಗಾಳಿಕಂಡಿಗೆ. ಕೆಳಗಿನ ಕಬಾಬ್ ಹೋಟೆಲಿನ ಇದ್ದಿಲ ಹೊಗೆಯ ಕೊಳವೆ ಅದೇ ಕಂಡಿಯಲ್ಲಿ ಎರಡನೇ ಮಹಡಿಯವರೆಗೆ ಬಂದು ಸುಸ್ತಾದಂತೆ ನಿಂತಿದೆ. ಎರಡು ವರ್ಷದಿಂದ ಮೈಮೂನಳ ಎದೆ ಸೀಟಿ ಹೊಡೆಯುತ್ತಿದೆ. ಇನ್‌ಹೇಲರ್ ಇಲ್ಲದೆ ಮೆಟ್ಟಿಲು ಹತ್ತಲಾಗದು. ಏಳು ದೂರುಗಳ ನಂತರ ಕಟ್ಟಡದವರು ಒಪ್ಪಿದರು: ಲ್ಯಾಬ್‌ನವರು ಬಂದು ಮಸಿ ಒರೆಸಿ ಪರೀಕ್ಷಿಸಲಿ, ವಿಷ ಸಿಕ್ಕರೆ ಕೊಳವೆಯನ್ನು ತಾರಸಿಯವರೆಗೆ ಏರಿಸುತ್ತೇವೆ. ಸಿಗದಿದ್ದರೆ ಖಲಾಸ್.

೨. ಲ್ಯಾಬ್‌ನವನು ಮೈಸೂರಿನ ಗುರುದತ್ತ. ಮನೆಗೆ ಜನ ಬರುತ್ತಾರೆಂದು ಮೈಮೂನ ಕಟ್ಟೆ ತೊಳೆದು, ಬಾಳೆಹಣ್ಣಿನ ಪೋಡಿ ಕರಿದಿಟ್ಟಳು. ಗುರುದತ್ತ ಪೋಡಿ ತಿಂದ. ಬಿಳಿ ಬಟ್ಟೆಯ ತುಂಡಿನಿಂದ ಕಟ್ಟೆ ಒರೆಸಿದ. ಬಟ್ಟೆ ಬಿಳಿಯಾಗಿಯೇ ಬಂತು. ಹತ್ತು ಗಂಟೆಗೆ ಅವನಿಗೆ ಇನ್ನೊಂದು ಕಟ್ಟಡದಲ್ಲಿ ಕೆಲಸವಿತ್ತು. ರಸ್ತೆ ಕಡೆಯ ಬಾಲ್ಕನಿಗೆ ಹೋಗಿ, ದಿನವಿಡೀ ಬಿಸಿಲು ಕುಡಿಯುವ ಕಂಬಿಯನ್ನು ಒರೆಸಿದ. ಅಲ್ಲಿ ಕಪ್ಪು ಸಿಕ್ಕಿತು. ಶೀಶೆಗೆ ಹಾಕಿ ಮುಚ್ಚಳ ಬಿಗಿದ.

ಇಲ್ಲಿ ನಾನು ಪೆನ್ನು ಎಸೆದೆ.

೩. (ರಸಾಯನಶಾಸ್ತ್ರ. ಹಾರಿಸಿ ಓದುವವರು ಹಾಳಾಗಿ ಹೋಗಲಿ.) ಇದ್ದಿಲು ಉರಿದಾಗ, ಬೆಂಜೀನಿನ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣುಗಳು ಹುಟ್ಟುತ್ತವೆ, ಚಿಕ್ಕ ಹೆಸರು ಪಿಎಎಚ್. ಕೆಲವು ಕ್ಯಾನ್ಸರ್ ತರುವಂಥವು. ನೆರಳಿನ ಮಸಿಯೊಳಗೆ ಅಡಗಿ ಬಹುಕಾಲ ಬಾಳುತ್ತವೆ. ಬಿಸಿಲೂ ಓಝೋನೂ ತಾಗುವ ಮೇಲ್ಮೈಯಲ್ಲಿ ಮಾತ್ರ ಬೇಗ ಒಡೆದು, ಆಮ್ಲಜನಕ ಅಂಟಿಸಿಕೊಂಡು, ಕ್ವಿನೋನ್ ಮುಂತಾದ ಬೇರೆ ಹೆಸರು ಪಡೆಯುತ್ತವೆ. ಅವುಗಳಲ್ಲೂ ಕೆಲವು ವಿಷವೇ. ಆದರೆ ಲ್ಯಾಬ್‌ನ ಪಟ್ಟಿಯಲ್ಲಿರುವುದು ಒಡೆಯುವ ಮುಂಚಿನ ಹದಿನಾರು ಹಳೆಯ ಹೆಸರುಗಳು ಮಾತ್ರ. ಬಿಸಿಲಿನ ಕಂಬಿ ಒರೆಸಿ ಅಡುಗೆಮನೆಗೆ ತೀರ್ಪು ಕೊಡುವುದೆಂದರೆ, ತೊಳೆದಿಟ್ಟ ತಟ್ಟೆ ನೋಡಿ ಈ ಮನೆಯಲ್ಲಿ ಯಾರೂ ಉಂಡಿಲ್ಲ ಎಂದ ಹಾಗೆ.

೪. ಗುರುದತ್ತನನ್ನು ಕರೆದು ಕೂರಿಸಿದೆ. ಎಂ.ಎಸ್ಸಿ.ಯಲ್ಲಿ ಇದನ್ನೇ ಓದಿದ್ದನಂತೆ.

"ಗೊತ್ತಿದ್ದೂ ಒರೆಸಿದೆಯಾ?"

"ಫಾರಂನಲ್ಲಿ ಬಿಸಿಲು, ನೆರಳು ಅಂತ ಕಾಲಮ್ಮೇ ಇಲ್ಲ ಸಾರ್. ಮೇಲ್ಮೈ ಅಂತ ಇದೆ. ತುಂಬಿದೀನಿ."

"ಷರಾ ಅಂತ ಒಂದು ಸಾಲು ಇರುತ್ತಲ್ಲ?"

"ಅಲ್ಲಿ ಏನಾದ್ರೂ ಬರೆದ್ರೆ ಮ್ಯಾನೇಜರ್ ಫೋನ್ ಮಾಡ್ತಾರೆ. ನನ್ ವೀಸಾ ಅವರ ಕೈಲಿದೆ ಸಾರ್, ನಿಮ್ ಕೈಲಲ್ಲ."

ಅವನಿಗೆ ಇಷ್ಟು ಒಳ್ಳೆಯ ಮಾತು ಬರೆದುಕೊಟ್ಟದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮುಕ್ತಾಯ ಅ: ಗುರುದತ್ತ ನಾಚಿಕೊಂಡು ಮರಳಿ ಬರುತ್ತಾನೆ, ಫ್ರಿಜ್ಜಿನ ನೆತ್ತಿಯ ಮಸಿ ಒರೆಸುತ್ತಾನೆ, ಕೊಳವೆ ಏರುತ್ತದೆ. (ಹೊಡೆದುಹಾಕಿದೆ. ಹೊಡೆದುಹಾಕಿಸಿದವಳು ಮೈಮೂನ.)

"ಫ್ರಿಜ್ಜಿನ ಮೇಲೆ ನಾನು ವಾರಕ್ಕೆ ಎರಡು ಸಲ ಒರೆಸ್ತೇನೆ ಮಾರಾಯ್ರೆ. ನನ್ನ ಮನೆಯಲ್ಲಿ ಮಸಿ ಉಂಟು ಅಂತ ಬರೀಬೇಡಿ. ಎದೆಯಲ್ಲಿ ಉಂಟು, ಅದನ್ನು ಬರೆಯಿರಿ. ಅಲ್ಲಿಗೆ ನನ್ನ ಬಟ್ಟೆ ಹೋಗುದಿಲ್ಲ."

ಆಮೇಲೆ, ತಾನು ಕಟ್ಟೆ ತೊಳೆದದ್ದರಿಂದಲೇ ಹೀಗಾಯಿತಾ ಎಂದು ಕೇಳಿದಳು.

ನೋಡಿ: ಹೊಗೆ ಕಾರಿದ ಹೋಟೆಲಿದೆ, ಕೊಳವೆ ಮೊಟಕು ಮಾಡಿದ ಕಟ್ಟಡವಿದೆ, ಎಲ್ಲ ಗೊತ್ತಿದ್ದ ಎಂ.ಎಸ್ಸಿ. ಇದೆ. ತಪ್ಪು ತನ್ನದಾ ಎಂದು ಕೇಳಿಕೊಂಡು ಬಂದವಳು, ಕಟ್ಟೆ ತೊಳೆದವಳು.

ಮುಕ್ತಾಯ ಆ ಬರೆಯುವುದಿಲ್ಲ. ನಿಮಗೆ ಬೇಕಿದ್ದರೆ ನೀವೇ ಬರೆದುಕೊಳ್ಳಿ, ಷರಾ ಎಂಬ ಸಾಲು ಇನ್ನೂ ಖಾಲಿ ಇದೆ. ನನಗೆ ಗೊತ್ತಿರುವುದಿಷ್ಟು. ವರದಿ ಬಂತು: ಹದಿನಾರೂ ಮಿತಿಯೊಳಗೆ. ದೂರು ಮುಚ್ಚಲಾಯಿತು. ಕೊಳವೆ ಎರಡನೇ ಮಹಡಿಯಲ್ಲೇ ಇದೆ. ಕಿಟಕಿಕಟ್ಟೆ ಮತ್ತೆ ಕಪ್ಪಾಗಿದೆ. ಮೈಮೂನ ಅದನ್ನು ತೊಳೆದಿಲ್ಲ.