ಉಡಿ ತುಂಬದ ಹುಣ್ಣಿಮೆ

ಬಾದಾಮಿಯ ಒಂದು ರೆಸಾರ್ಟಿನಲ್ಲಿ ಸಾಲ್ಸಾ ನೃತ್ಯದ ರಾತ್ರಿ ಇದೆ ಎಂದು ತಸ್ಲೀಮಾ ಮೊಬೈಲು ತೋರಿಸಿದ ದಿನದಿಂದ ರೋಹಿಣಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಬ್ಬರೂ ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಆನ್‌ಲೈನ್ ಆರ್ಡರುಗಳನ್ನು ಪ್ಯಾಕು ಮಾಡುವವರು. ನಾಲ್ಕು ತಿಂಗಳಿಂದ ಊಟದ ಬಿಡುವಿನಲ್ಲಿ ಅಂಗಡಿಯ ಮಾಳಿಗೆ ಹತ್ತಿ, ವಿಡಿಯೊ ನೋಡಿಕೊಂಡು, ಒಂದು-ಎರಡು-ಮೂರು, ಐದು-ಆರು-ಏಳು ಎಂದು ಹೆಜ್ಜೆ ಹಾಕುತ್ತಿದ್ದರು. ಅಂಗಡಿಯ ಕಾರು ಓಡಿಸುವ ಸಿದ್ದಾರ್ಥ ಮೊದಲು ನೋಡಿ ನಕ್ಕ, ಆಮೇಲೆ ತಾನೂ ಕಲಿತ, ಈಗ ಅವರಿಬ್ಬರಿಗಿಂತ ಚೆನ್ನಾಗಿ ಸೊಂಟ ತಿರುಗಿಸುತ್ತಿದ್ದ.

ಸಾಲ್ಸಾ ಎಂದರೇನೆಂದು ಅವ್ವ ಶಾರವ್ವನಿಗೆ ತಿಳಿಸಿ ಹೇಳುವುದಕ್ಕಿಂತ ಸುಳ್ಳು ಹೇಳುವುದೇ ಸಲೀಸಾಗಿತ್ತು. ಸುಳ್ಳೂ ತಾನಾಗಿಯೇ ಸಿಕ್ಕಿತು. ಅಕ್ಕ ಭಾಗ್ಯಜ್ಯೋತಿ ಎಂಟು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿ ದೇವಿಗೆ ಮಡಿಲಕ್ಕಿಯ ಉಡಿ ತುಂಬಿಸುತ್ತೇನೆಂದು ಶಾರವ್ವ ಹರಕೆ ಹೊತ್ತಿದ್ದಳು. ಉಡಿ ತುಂಬುವವರು ಆ ದಿನ ಬೆಳಗಿನಿಂದ ಮರುದಿನ ಬೆಳಗಿನವರೆಗೆ ತುತ್ತು ಅನ್ನ ಮುಟ್ಟಬಾರದು, ಅದು ಅವರ ಮನೆಯ ಕಟ್ಟಳೆ. ದಿನ ತುಂಬುತ್ತಿರುವ ಮಗಳನ್ನು ಬಿಟ್ಟು ಶಾರವ್ವ ಕದಲುವಂತಿರಲಿಲ್ಲ. ನಾನು ಹೋಗುತ್ತೇನೆ, ರಾತ್ರಿ ದೇವಸ್ಥಾನದಲ್ಲೇ ಇದ್ದು ಬೆಳಿಗ್ಗೆ ಬರುತ್ತೇನೆ ಎಂದಳು ರೋಹಿಣಿ. ಹುಣ್ಣಿಮೆಯೂ ಸಾಲ್ಸಾವೂ ಒಂದೇ ಶನಿವಾರ ಬಂದದ್ದು ನೋಡಿ, ಇದನ್ನು ದೇವಿಯೇ ಕೂಡಿಸಿಕೊಟ್ಟಳೆಂದು ಆ ಹುಚ್ಚುಡುಗಿ ಖುಷಿಪಟ್ಟಿದ್ದಳು.

ಹಸಿರು ಖಣ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಹಿಡಿ ಅಕ್ಕಿ, ಬೆಲ್ಲದ ಹೆಂಟೆ, ಎಲ್ಲವನ್ನೂ ಶಾರವ್ವ ತಾನೇ ಚೀಲಕ್ಕೆ ಹಾಕಿ ಕಣ್ಣಿಗೊತ್ತಿಕೊಂಡು ಕೊಟ್ಟಳು. ಆದರೆ ಮೂವರೂ ಅಂಗಡಿಯ ಕಾರಿನಲ್ಲಿ ಬನಶಂಕರಿ ಮುಟ್ಟುವಾಗ ರಾತ್ರಿ ಎಂಟಾಗಿತ್ತು. ದರ್ಶನದ ಸಾಲು ದೇವಸ್ಥಾನದ ಹೊಂಡದ ಮೂಲೆಯವರೆಗೆ ಬೆಳೆದಿತ್ತು. ಒಂಬತ್ತಕ್ಕೆ ಕುಣಿತ ಶುರು. ಬೆಳಿಗ್ಗೆ ಬಂದು ತುಂಬಿದರಾಯಿತು, ದೇವಿ ಎಲ್ಲಿಗೆ ಹೋಗುತ್ತಾಳೆ ಎಂದು ಹೇಳಿದ್ದು ತಸ್ಲೀಮಾ ಅಲ್ಲ, ಸಿದ್ದಾರ್ಥನೂ ಅಲ್ಲ, ರೋಹಿಣಿಯೇ. ಚೀಲ ಕಾರಿನ ಹಿಂದಿನ ಸೀಟಿನಲ್ಲಿ ಉಳಿಯಿತು.

ಅವಳು ಕುಣಿದಳು. ಕೆಂಪು ಫ್ರಾಕು, ಯಾರ ಹತ್ತಿರವೋ ಕೇಳಿ ತಂದ ಹಿಮ್ಮಡ ಎತ್ತರದ ಚಪ್ಪಲಿ. ಇಳಕಲ್ಲಿನ ಮಾಳಿಗೆಯ ಮೇಲೆ ಸದ್ದಿಲ್ಲದೆ ಹಾಕಿದ ಹೆಜ್ಜೆಗಳು ಅಲ್ಲಿ ಕಹಳೆ, ಡೋಲುಗಳ ನಡುವೆ ಜೀವ ಬಂದಂತೆ ಆದವು. ಪುಣೆಯಿಂದ ಬಂದಿದ್ದ ಕಲಿಸುವವಳು ಇವಳನ್ನು ನಡುವೆ ಕರೆದು ನಿಲ್ಲಿಸಿ ಎಲ್ಲರಿಗೂ ತೋರಿಸಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳಿಗೆ ಅಷ್ಟು ಸುಖವಾದ ರಾತ್ರಿ ಇನ್ನೊಂದಿರಲಿಲ್ಲ, ಅದನ್ನು ಅಲ್ಲಗಳೆದು ಏನೂ ಪ್ರಯೋಜನವಿಲ್ಲ. ಎರಡು ತಾಸು ಕುಣಿದ ಹೊಟ್ಟೆಗೆ ಉಪವಾಸದ ನೆನಪಾಗುವಷ್ಟರಲ್ಲಿ ಪಲಾವು, ಪನೀರು, ಮೇಲೆ ಎರಡು ಗುಲಾಬ್ ಜಾಮೂನು ಒಳಗೆ ಹೋಗಿದ್ದವು. ತಟ್ಟೆ ಹಿಡಿದುಕೊಂಡೇ ಅವಳು ಸಿದ್ದಾರ್ಥನ ಜೊತೆ ಒಂದು ಸುತ್ತು ತಿರುಗಿದ್ದನ್ನು ತಸ್ಲೀಮಾ ವಿಡಿಯೊ ಮಾಡಿದಳು. ರೋಹಿಣಿ ಗಾಬರಿಯಾಗಿ ಅದನ್ನು ಅಳಿಸಲೇಬೇಕೆಂದು ಅವಳಿಂದ ಆಣೆ ಹಾಕಿಸಿಕೊಂಡಳು.

ಹನ್ನೆರಡು ದಾಟಿದಾಗ ಶಾರವ್ವನ ಫೋನು ಬಂತು. ಭಾಗ್ಯಜ್ಯೋತಿಗೆ ರಕ್ತ ಹೋಗುತ್ತಿದೆ, ಆಂಬುಲೆನ್ಸಿನಲ್ಲಿ ಹುನಗುಂದ ದಾಟಿದ್ದೇವೆ, ಬಾಗಲಕೋಟೆಯ ದವಾಖಾನೆಗೆ ಹೊರಟಿದ್ದೇವೆ, ನೀನೂ ಬಂದುಬಿಡು ಎಂದಳು. ಅಕ್ಕತಂಗಿಯರ ರಕ್ತದ ಗುಂಪು ಒಂದೇ, ಅಪರೂಪಕ್ಕೆ ಸಿಗುವಂಥದ್ದು. ಹಿಂದಿನ ಬಸಿರು ಹೋದಾಗಲೇ ಅದು ಮನೆಯವರಿಗೆಲ್ಲ ತಿಳಿದಿತ್ತು.

ಕೊನೆಗೆ ಶಾರವ್ವ ಕೇಳಿದಳು: "ಉಡಿ ತುಂಬಿದೇನ?"

"ಹೂಂ ಬೇ, ತುಂಬೇನಿ," ಎಂದಳು ರೋಹಿಣಿ.

ಓಡುವ ಕಾರಿನಲ್ಲಿ ಫ್ರಾಕಿನ ಮೇಲೆಯೇ ಸೀರೆ ಸುತ್ತಿಕೊಂಡಳು. ನಿರಿಗೆ ನಿಲ್ಲಲಿಲ್ಲ, ತಸ್ಲೀಮಾ ಹಿಡಿದು ಸಿಕ್ಕಿಸಿದಳು. ಪಕ್ಕದಲ್ಲಿ ಉಡಿಯ ಚೀಲ ಅತ್ತಿತ್ತ ಹೊರಳುತ್ತಿತ್ತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯುವ ಹಾಗೇ ಕಾಣಲಿಲ್ಲ. ಬನಶಂಕರಿ ತಾಯಿ, ತಪ್ಪು ನನ್ನದು, ಅಕ್ಕನನ್ನು ಯಾಕೆ ಹಿಡಿದಿ ಎಂದು ರೋಹಿಣಿ ಆ ಡಬ್ಬಿಗಳ ಎದುರಿಗೇ ಅಳತೊಡಗಿದಳು.

ಅವರು ಮುಟ್ಟುವಷ್ಟರಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದಿದ್ದರು. ಕೂಸು ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡುತ್ತಿತ್ತು. ತಾಯಿಯ ರಕ್ತ ಮಾತ್ರ ನಿಂತಿರಲಿಲ್ಲ. ಇದ್ದ ಒಂದೇ ಚೀಲ ರಕ್ತ ಏರಿಸಿಯಾಗಿದೆ, ಹುಬ್ಬಳ್ಳಿಯಿಂದ ತರಿಸಲು ಮೂರು ತಾಸು ಬೇಕು, ಅಷ್ಟು ಹೊತ್ತು ಅವಳು ತಾಳುವುದಿಲ್ಲ ಎಂದು ಡಾಕ್ಟರು ಹೇಳಿ ಒಳಗೆ ಹೋದರು. ಶಾರವ್ವ ರೋಹಿಣಿಯ ರಟ್ಟೆ ಹಿಡಿದು ರಕ್ತ ತೆಗೆಯುವ ಕೋಣೆಗೆ ಎಳೆದೊಯ್ದಳು.

ಅಲ್ಲಿದ್ದವರು ಗೌಸಸಾಬ ಎಂಬ ಹಿರಿಯರು. ಬೆರಳು ಚುಚ್ಚಿ ನೋಡಿ, ಮಂಚದ ಮೇಲೆ ಮಲಗಿಸಿ, ತೋಳಿಗೆ ಪಟ್ಟಿ ಬಿಗಿದು, ಊಟ ಯಾವಾಗ ಮಾಡಿದೆಯವ್ವ ಎಂದು ಕೇಳಿದರು. ರೋಹಿಣಿ ಬಾಯಿ ತೆರೆಯುವ ಮೊದಲೇ ಶಾರವ್ವ ಹೇಳಿಬಿಟ್ಟಳು.

"ಮುಂಜಾನಿಂದ ಒಂದ ತುತ್ತ ಬಾಯಾಗ ಹಾಕಿಲ್ಲರಿ. ದೇವಿ ಉಪವಾಸ ಆಕೀದು."

ಗೌಸಸಾಬ ಪಟ್ಟಿ ಬಿಚ್ಚಿದರು. "ಹಂಗಾರ ತಗೊಳ್ಳಾಕ ಬರೂದಿಲ್ಲವ್ವ. ಏನರ ತಿಂದು, ಎರಡ ತಾಸ ಬಿಟ್ಟ ಬರ್ರಿ."

ಎರಡು ತಾಸು. ರೋಹಿಣಿ ಎದ್ದು ಕುಳಿತಳು. "ತಿಂದೇನ್ರಿ. ರಾತ್ರಿ ಹೊಟ್ಟಿ ತುಂಬ ತಿಂದೇನಿ, ತಗೋರಿ."

"ಸುಳ್ಳ ಹೇಳಾಕತ್ತಾಳ್ರಿ," ಎಂದಳು ಶಾರವ್ವ. "ಅಕ್ಕನ ಸಲುವಾಗಿ ತನ್ನ ಜೀವಾನ ಕೊಡಾಕ ನಿಂತಾಳ. ಒಬ್ಬಾಕಿ ಅಲ್ಲಿ ಮಲಗ್ಯಾಳ, ಇನ್ನೊಬ್ಬಾಕಿನ್ನ ನಾ ಕಳಕೊಳ್ಳೂದಿಲ್ಲ."

ರೋಹಿಣಿ ಆಣೆ ಹಾಕಿದಳು, ಅತ್ತಳು, ಗೌಸಸಾಬರ ಕೈ ಹಿಡಿದಳು. ಆಣೆ ಹಾಕಿದಷ್ಟೂ ಶಾರವ್ವನಿಗೆ ಮಗಳ ತ್ಯಾಗವೇ ದೊಡ್ಡದಾಗಿ ಕಂಡಿತು, ಗೌಸಸಾಬರಿಗೂ ಹೆತ್ತವಳ ಮಾತೇ ಖರೆ ಅನ್ನಿಸಿತು. ಮಗಳು ಹೇಳಿದ ಸುಳ್ಳುಗಳನ್ನೆಲ್ಲ ಇಷ್ಟು ವರ್ಷ ನಂಬಿಕೊಂಡು ಬಂದ ಅವ್ವ, ಈಗ ಆಡಿದ ಒಂದು ನಿಜವನ್ನು ಮಾತ್ರ ನಂಬಲೊಲ್ಲಳು.

ರೋಹಿಣಿ ಬಾಗಿಲಲ್ಲಿ ನಿಂತಿದ್ದ ತಸ್ಲೀಮಾಳನ್ನು ನೋಡಿದಳು. "ಆ ವಿಡಿಯೊ ಅಳಿಸಿದೇನ?"

ತಸ್ಲೀಮಾ ತಲೆ ತಗ್ಗಿಸಿದಳು. ಅಷ್ಟು ಚೆಂದ ಬಂದದ್ದನ್ನು ಅಳಿಸಲು ಅವಳಿಗೆ ಮನಸ್ಸಾಗಿರಲಿಲ್ಲ.

"ಅವ್ವಗ ತೋರಿಸು," ಎಂದಳು ರೋಹಿಣಿ.

ಆ ಸಣ್ಣ ಕೋಣೆಯಲ್ಲಿ ಕಹಳೆಯ ಸಂಗೀತ ಒಮ್ಮೆಲೇ ಎದ್ದಿತು. ಮೊಬೈಲಿನಲ್ಲಿ ರೋಹಿಣಿ ಇದ್ದಳು, ಮಂಡಿ ಕಾಣುವ ಕೆಂಪು ಫ್ರಾಕು, ಸೊಂಟದ ಮೇಲೆ ಸಿದ್ದಾರ್ಥನ ಕೈ, ಒಂದು ಕೈಯಲ್ಲಿ ತಟ್ಟೆ. ಬಾಯಿ ತುಂಬ ಜಾಮೂನು ಇಟ್ಟುಕೊಂಡು ನಗುತ್ತ ಗಿರಕಿ ಹೊಡೆಯುತ್ತಿದ್ದಳು. ಮೇಲೆ ಹನ್ನೊಂದು ನಲವತ್ತೆರಡು ಎಂದು ವೇಳೆ ತೋರಿಸುತ್ತಿತ್ತು. ಗೌಸಸಾಬ ಆ ವೇಳೆಯನ್ನಷ್ಟೇ ನೋಡಿ ಮುಖ ಆಚೆ ತಿರುಗಿಸಿದರು. ಶಾರವ್ವ ಮಾತ್ರ ಕೊನೆಯವರೆಗೂ ನೋಡಿದಳು.

"ಉಡಿ?" ಎಂದು ಕೇಳಿದಳು.

"ತುಂಬಿಲ್ಲಬೇ. ಕಾರಿನ್ಯಾಗ ಐತಿ."

ರೋಹಿಣಿ ಕಪಾಳಕ್ಕೆ ಬೀಳುವ ಏಟಿಗಾಗಿ ಕಾಯ್ದಳು. ಹೊಡೆದಿದ್ದರೆ ಹಗುರಾಗುತ್ತಿತ್ತೇನೋ. ಶಾರವ್ವ ಗೌಸಸಾಬರ ಕಡೆ ತಿರುಗಿ, "ತಗೋರಿ," ಎಂದಷ್ಟೇ ಹೇಳಿ ಹೊರಗೆ ನಡೆದಳು.

ರಕ್ತದ ಚೀಲ ತುಂಬಿತು. ಅದನ್ನು ಪರೀಕ್ಷೆಗೆಂದು ಒಯ್ದರು, ಅಲ್ಲಿಂದ ಒಳಗೆ ಒಯ್ದರು. ರೋಹಿಣಿ ಹೊರಗಿನ ಬೆಂಚಿನ ಮೇಲೆ ಬಂದು ಕುಳಿತದ್ದೇ ಕಣ್ಣು ಕತ್ತಲಿಟ್ಟಿತು. ಏನಾದರೂ ಸಿಹಿ ಕೊಡಿರೆಂದರು ಗೌಸಸಾಬ. ಸಿದ್ದಾರ್ಥ ಓಡಿದ, ಆ ಹೊತ್ತಿನಲ್ಲಿ ತೆರೆದ ಒಂದು ಅಂಗಡಿಯೂ ಸಿಗಲಿಲ್ಲ. ಆಗ ಶಾರವ್ವ ಎದ್ದು ಕಾರಿನ ಹತ್ತಿರ ಹೋಗಿ ಉಡಿಯ ಚೀಲ ತಂದಳು. ತಾನೇ ಹಾಕಿದ ಗಂಟು ಬಿಚ್ಚಿ, ಬೆಲ್ಲದ ಹೆಂಟೆಯನ್ನು ಬೆಂಚಿನ ಅಂಚಿಗೆ ಕುಟ್ಟಿ ಒಡೆದು, ಒಂದು ಚೂರನ್ನು ಮಗಳ ಬಾಯಿಯ ಹತ್ತಿರ ಹಿಡಿದಳು.

ರೋಹಿಣಿ ಬಾಯಿ ಬಿಗಿದಳು. "ಅದು ದೇವೀದು ಬೇ."

"ತಿನ್ನ. ದೇವಿಗಿ ನಾ ಹೇಳ್ಕೋತೇನಿ."

ಬೆಲ್ಲ ಬಾಯಿಗಿಟ್ಟು ಶಾರವ್ವ ನೆಲಕ್ಕೆ ಕುಳಿತಳು. ಗಡಿಬಿಡಿಯಲ್ಲಿ ಕಳಚುವುದು ಮರೆತಿದ್ದ ಎತ್ತರದ ಚಪ್ಪಲಿಗಳನ್ನು ಮಗಳ ಕಾಲಿನಿಂದ ಒಂದೊಂದಾಗಿ ಬಿಚ್ಚಿದಳು. ಹಿಮ್ಮಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಅದನ್ನು ಸೆರಗಿನಿಂದ ಒರೆಸಿದಳು. ಮುಖ ಮಾತ್ರ ಎತ್ತಲಿಲ್ಲ.

"ಆಕಿ ಎದ್ದಮ್ಯಾಲೆ ನಿನ್ನ ಜೋಡಿ ಮಾತಾಡ್ತೇನಿ," ಎಂದಳು. ಚಪ್ಪಲಿಗಳನ್ನು ಬೆಂಚಿನ ಕೆಳಗೆ ಸರಿಸಿ ಮತ್ತೆ ಹೇಳಿದಳು, "ಎದ್ದಮ್ಯಾಲೆ."

ಬೈಗುಳಕ್ಕಾಗಿ ರೋಹಿಣಿ ಅಷ್ಟು ಹಂಬಲಿಸಿದ್ದು ಅದೇ ಮೊದಲು. ಬೆಲ್ಲವನ್ನು ದವಡೆಯಲ್ಲಿ ಒತ್ತಿಕೊಂಡು, ಅಕ್ಕನನ್ನು ಮಲಗಿಸಿದ್ದ ಕೋಣೆಯ ಬಾಗಿಲನ್ನೇ ನೋಡುತ್ತ ಕುಳಿತಳು.