ಲವಂಗ ಚುಚ್ಚಿದ ಎಲೆ

ಯಾರೋ ಬಾಗಿಲು ಬಡಿದರು. ಕರೆಗಂಟೆ ಇದ್ದರೂ ಅದನ್ನೊತ್ತದೆ ಅಂಗೈಯಿಂದಲೇ ಬಡಿದರು.

ರಾತ್ರಿಯಾದ ಮೇಲೆ ನ್ಯೂಜಿಲೆಂಡಿನ ಹಾರ್ನ್‌ಬಿಯ ಆ ಬೀದಿಯಲ್ಲಿ ಗೋದಾಮಿನ ಲಾರಿಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಪೆರುವಿನಿಂದ ಆ ಸಂಜೆಯಷ್ಟೇ ಬಂದಿಳಿದ ಸೂಟ್‌ಕೇಸುಗಳು ನಡುಮನೆಯಲ್ಲಿ ಹಾಗೇ ಬಿದ್ದಿದ್ದವು. ಅವುಗಳ ನಡುವೆ, ಮುಂದಿನ ತಿಂಗಳು ಈ ದೇಶದ ಪೌರತ್ವದ ಪ್ರಮಾಣವಚನ ಸ್ವೀಕರಿಸಬೇಕಾಗಿದ್ದ ಕೇದಾರ್ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ವೇದಾ ಎದ್ದು ಬಾಗಿಲು ತೆರೆದಳು.

ಹೊರಗೆ ನಿಖಿತಾ ನಿಂತಿದ್ದಳು. ಸಂಜೆ ವಿಮಾನ ನಿಲ್ದಾಣದಲ್ಲಿ, "ನನ್ನ ಬೂಟಿನ ಮಣ್ಣು ತೊಳೀಬೇಕಂತೆ, ನೀವು ಹೊರಡಿ" ಎಂದು ನಗುತ್ತಾ ಕಳಿಸಿಕೊಟ್ಟ ಗೆಳತಿ. ಈಗ ಆ ನಗು ಇರಲಿಲ್ಲ. ಒಳಗೆ ಬಂದು ಕುರ್ಚಿಯ ಮೇಲೆ ಕುಳಿತಳು.

"ಬೂಟು ಸುಳ್ಳು ಕಣೇ. ಲಗೇಜ್ ಬೆಲ್ಟಿನ ಹತ್ರ ಕಸ್ಟಮ್ಸ್‌ನ ಆ ಮೂಸೋ ನಾಯಿ ನನ್ನ ಬ್ಯಾಗಿನ ಮುಂದೆ ಬಂದು ಕೂತುಬಿಡ್ತು. ನಿಮ್ಮನ್ನೂ ಎಲ್ಲಿ ಹಿಡಿದಿಟ್ಕೊಳ್ತಾರೋ ಅಂತ ಹಾಗಂದೆ. ಹೊರಗಡೆ ಜೇಬಲ್ಲಿ ಕೋಕಾ ಎಲೆ ಸಿಕ್ಕಿದೆ."

ಆಂಡಿಸ್ ಬೆಟ್ಟದ ಹಳ್ಳಿಗಳಲ್ಲಿ ಎತ್ತರದ ತಲೆಸುತ್ತಿಗೆ ಎಲ್ಲರೂ ಜಗಿಯುವ ಎಲೆ ಅದು, ನ್ಯೂಜಿಲೆಂಡಿನಲ್ಲಿ ನಿಷಿದ್ಧ. ಪೆರುವಿನಿಂದ ಹೊರಡುವ ಮುನ್ನ ಎಲ್ಲರ ಕೈಯಲ್ಲಿದ್ದುದನ್ನೂ ಕಸದ ಬುಟ್ಟಿಗೆ ಹಾಕಿಸಿದ್ದವಳು ವೇದಾಳೇ.

"ನಾನು ಇಟ್ಟಿಲ್ಲ ವೇದಾ. ಅಮ್ಮನ ಆಣೆ. ಸೋಮವಾರದಿಂದ ಆಸ್ಪತ್ರೆಯ ಫಾರ್ಮಸಿ ಕೆಲಸ. ಮಾದಕ ವಸ್ತು ತಂದವಳ ಕೈಗೆ ಔಷಧಿ ಕಪಾಟಿನ ಬೀಗದಕೈ ಕೊಡ್ತಾರಾ? ಬೆಳಗ್ಗೆ ಮತ್ತೆ ಬರೋಕೆ ಹೇಳಿದಾರೆ. ಇಟ್ಟೋರು ಯಾರು ಅಂತ ಗೊತ್ತಾದ್ರೆ ಸರಿ. ಇಲ್ಲಾಂದ್ರೆ ಬ್ಯಾಗು ಯಾರದೋ ಎಲೆನೂ ಅವರದೇ."

ಮಾತು ಕೇಳಿ ಎಚ್ಚೆತ್ತ ಕೇದಾರ್ ಕಣ್ಣುಜ್ಜುತ್ತಾ ಎದ್ದು ಕುಳಿತ.

ಆ ಬೆಟ್ಟಗಳಲ್ಲಿ ಅವರು ನಾಲ್ವರಿದ್ದರು. ನಾಲ್ಕನೆಯವನು ಆಕ್ಲೆಂಡಿನ ಮನೋಜ್. ಎಲ್ಲರೂ ಒಂದೇ ಕಾಲೇಜಿನಲ್ಲಿ ಓದಿ ಈ ನೆಲದಲ್ಲಿ ಬೇರೂರಿದವರು. ಪ್ರವಾಸಿಗರ ಬಸ್ಸು ಬೇಡ, ಊರವರ ವ್ಯಾನಿನಲ್ಲೇ ಹೋಗೋಣವೆಂದು ಹಟ ಹಿಡಿದವನು ಮನೋಜ್. ವ್ಯಾನು ತುಂಬದೆ ಹೊರಡುತ್ತಿರಲಿಲ್ಲ. ತುಂಬಿತು ಎಂಬ ಮಾತಿಗೆ ಅಲ್ಲಿ ಅರ್ಥವೇ ಬೇರೆ. ಆಲೂಗೆಡ್ಡೆಯ ಮೂಟೆಗಳ ಜೊತೆಗೆ ಕಾಲು ಕಟ್ಟಿದ ಕುರಿಯೊಂದು ಛಾವಣಿ ಏರಿತು, ಅದರ ಪಕ್ಕಕ್ಕೆ ಮೂವರ ಚೀಲಗಳೂ ಏರಿದವು. ನಿಖಿತಾಳ ಚೀಲ ಮಾತ್ರ ಒಳಗೇ ಉಳಿದು ಮಡಿಲಿಂದ ಮಡಿಲಿಗೆ ದಾಟುತ್ತಾ ಸಾಗಿತು. ಒಂದು ಕಡೆ ಕಮರಿ, ಇನ್ನೊಂದು ಕಡೆ ಬಂಡೆ, ನಡುವೆ ವ್ಯಾನಿನ ಅಗಲದಷ್ಟೇ ರಸ್ತೆ. ಎದುರು ಬಂದ ಲಾರಿಗೆ ದಾರಿ ಬಿಡಲು ಹಿಂದಕ್ಕೆ ಹೋಗುವಾಗ, ಪಕ್ಕದಲ್ಲಿ ಕುಳಿತಿದ್ದ ಮುದುಕಿ ಟೋಪಿಯನ್ನೊಮ್ಮೆ ಸರಿಪಡಿಸಿಕೊಂಡು ಮತ್ತೆ ನಿದ್ದೆಹೋದಳು.

ಕಣಿವೆಯ ನೆತ್ತಿಯಲ್ಲಿ ಡ್ರೈವರ್ ಸಿಲ್ವೇರಿಯೋ ವ್ಯಾನು ನಿಲ್ಲಿಸಿದ. ಕಲ್ಲುಗುಪ್ಪೆಯೊಂದರ ಕೆಳಗೆ ಬೆಟ್ಟದ ಹೆಸರಲ್ಲಿ ಎಲೆಗಳನ್ನಿಟ್ಟು ಬಂದು, ಉಳಿದುದನ್ನು ಒಬ್ಬೊಬ್ಬರಿಗೂ ಎರಡೂ ಕೈಯಿಂದ ಕೊಟ್ಟ. ವೇದಾ ತನಗರಿವಿಲ್ಲದೆಯೇ ಅದನ್ನು ಕಣ್ಣಿಗೊತ್ತಿಕೊಂಡಳು.

"ಏನೇ, ಅರಿಶಿನ ಕುಂಕುಮಕ್ಕೆ ಬಂದಿದೀಯಾ?" ಎಂದು ಕೇದಾರ್ ನಕ್ಕಿದ್ದ. "ಹಾಗೇ ಒಂದು ತೆಂಗಿನಕಾಯಿನೂ ಕೇಳು."

"ನಗಬೇಡ್ವೋ," ಎಂದಿದ್ದ ಮನೋಜ್. "ಬೆಟ್ಟದ ದೇವರು ನಿನ್ನ ಹಲ್ಲು ಕೀಳ್ತಾನೆ."

ಬಾಯಿ ಮಾತು ನಿಜವಾಯಿತು. ಇನ್ನಷ್ಟು ಎತ್ತರ ಏರುತ್ತಲೇ ಕೇದಾರನ ಹುಳುಕು ಹಲ್ಲು ಸಿಡಿಯತೊಡಗಿತು. ವೇದಾ ತನ್ನ ಡಬ್ಬಿಯಿಂದ ಲವಂಗ ಕೊಟ್ಟಳು. ವ್ಯಾನಿಗೆ ವ್ಯಾನೇ ನಕ್ಕಿತು.

"ಇದನ್ನ ನೋಡು." ನಿಖಿತಾ ಈಗ ಫೋನನ್ನು ಮುಂದೆ ಹಿಡಿದಳು. ಅಧಿಕಾರಿಯ ಮೇಜಿನ ಮೇಲಿದ್ದ ಎಲೆಗಳ ಚಿತ್ರ. ಅವು ಮುದುರಿ ತುರುಕಿದ ಎಲೆಗಳಾಗಿರಲಿಲ್ಲ. ತೊಟ್ಟು ಮುರಿದು, ತುದಿ ಚಿವುಟಿ, ಒಂದರ ಮೇಲೊಂದು ಜೋಡಿಸಿ, ತ್ರಿಕೋನವಾಗಿ ಮಡಿಸಿ, ಬಿಚ್ಚಿಕೊಳ್ಳದಂತೆ ಲವಂಗ ಚುಚ್ಚಲಾಗಿತ್ತು.

"ಲವಂಗದ ಡಬ್ಬಿ ಯಾರದು ವೇದಾ?"

ಆ ಪ್ರಶ್ನೆಯೊಳಗಿನ ಆಪಾದನೆ ವೇದಾಳಿಗೆ ಅರ್ಥವಾಯಿತು.

"ನಾನಲ್ಲ ನಿಖಿ."

"ಅಯ್ಯೋ, ಇದು ಮನೋಜನ ಕಿತಾಪತಿ," ಎಂದು ಕೇದಾರ್ ಥಟ್ಟನೆ ಬಾಯಿಹಾಕಿದ. "ಕಾಲೇಜಲ್ಲಿ ಯಶಸ್‌ನ ಟಿಫಿನ್ ಡಬ್ಬಿಗೆ ಕಪ್ಪೆ ಹಾಕಿದ್ದು ಯಾರು? ಬೇರೆಯವರ ಬ್ಯಾಗಿಗೆ ಕಲ್ಲು ತುಂಬೋದು ಯಾರು?"

"ಫೋನ್ ಮಾಡಿ ಕೇಳ್ಲಾ?" ಎಂದಳು ನಿಖಿತಾ.

"ಕೇಳಿದ್ರೆ ಒಪ್ಕೊಂಡ್ಬಿಡ್ತಾನಾ? ಬೆಳಗ್ಗೆ ಅವನ ಹೆಸರು ಹೇಳಿಬಿಡು. ಸಿಟಿಜನ್ ಆಗಿ ಯಾವ ಕಾಲ ಆಯ್ತು, ಅವನಿಗೇನೂ ಆಗಲ್ಲ."

ವೇದಾ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಮನೋಜ್ ಊಟದೆಲೆಯನ್ನೂ ನೆಟ್ಟಗೆ ಮಡಿಸಲಾರದವನು. ಈ ಮಡಿಕೆ ಬೇರೆ. ಮೈಸೂರಿನ ಮದುವೆಮನೆಗಳಲ್ಲಿ ತಟ್ಟೆಗಟ್ಟಲೆ ಬೀಡಾ ಕಟ್ಟಿ ಪಳಗಿದ ಬೆರಳುಗಳ ಮಡಿಕೆ ಇದು. ಎರಡು ಕೈಯಿಂದ ಕೊಟ್ಟ ಎಲೆಯನ್ನು ಎಸೆಯಬಾರದೆಂದು ಚಿಕ್ಕಂದಿನಲ್ಲೇ ಕಲಿತ ಬೆರಳುಗಳವು. ಬಾಯಿ ಹಾಸ್ಯ ಮಾಡುತ್ತಿದ್ದಾಗಲೂ ತಮ್ಮ ಪಾಡಿಗೆ ತಾವು ಮಡಿಸಿಕೊಂಡಿದ್ದವು. ಆಗಷ್ಟೇ ನಕ್ಕವನೇ ಎಲ್ಲರೆದುರು ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುವುದು ಹೇಗೆ? ಮಡಿಲಲ್ಲಿ ಆಗ ಇದ್ದುದು ನಿಖಿತಾಳ ಚೀಲ. ಇಟ್ಟು ಮರೆತದ್ದು ತಪ್ಪೇನೂ ದೊಡ್ಡದಾಗಿರಲಿಲ್ಲ. ಆದರೆ ಈಗ ನೆನಪಾಗಿತ್ತು, ಮತ್ತು ನಾಲಗೆ ಇನ್ನೊಬ್ಬನ ಹೆಸರು ಹೇಳಿತ್ತು.

ಅವಳು ತಲೆಯೆತ್ತಿದಳು. ಸೋಫಾದಲ್ಲಿದ್ದವನ ಕಣ್ಣುಗಳು ಸೂಟ್‌ಕೇಸಿನತ್ತ ಹೊರಳಿದವು.

"ಸರಿ ಹಾಗಾದ್ರೆ," ನಿಖಿತಾ ಎದ್ದಳು. "ಮನೋಜನ ಹೆಸರೇ ಹೇಳ್ತೀನಿ. ನಿಮ್ಮಿಬ್ಬರಿಗೂ ಹಾಗೇ ಅನ್ಸುತ್ತೆ ತಾನೆ?"

ಹೊರಗೆ ಲಾರಿಯೊಂದು ಗೇರು ಬದಲಿಸಿ ಮುಂದೆ ಸಾಗಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ವೇದಾ ಕಾದಳು, ಸೋಫಾದಿಂದ ಒಂದು ಮಾತು ಬರಬಹುದೆಂದು.

"ಆ ಹೆಸರು ಬೇಡ ನಿಖಿ."

"ಮತ್ತೆ ಯಾರದು?"

"ಕೇದಾರ್‌ದು."